ಬಸುರಿ ವೆಂಟಿಲೇಟರ್ ಮೇಲಿದ್ದಾಗ: ಐಸಿಯು ವೈದ್ಯನೊಬ್ಬನ ಪಾಠಗಳು

ಹುಬ್ಬಳ್ಳಿಯ ಐಸಿಯುಗಳಿಗೆ ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ರಾತ್ರಿಯಿಡೀ ಆಂಬುಲೆನ್ಸ್ ಬರುತ್ತವೆ. ಅಪರೂಪಕ್ಕೊಮ್ಮೆ ಅದರಲ್ಲಿ ಬಸುರಿ ಇರುತ್ತಾಳೆ. ಬಿಪಿ ಏರಿ ಮಿದುಳಿನಲ್ಲಿ ರಕ್ತಸ್ರಾವ ಆದವಳು, ಬೈಕಿನ ಹಿಂದಿನ ಸೀಟಿನಿಂದ ಬಿದ್ದವಳು, ನೇಣಿನಿಂದ ಇಳಿಸಿಕೊಂಡು ತಂದವಳು. ಟ್ಯೂಬ್ ಹಾಕಿ ವೆಂಟಿಲೇಟರ್ ಹಚ್ಚಿದ ಮೇಲೆ ಬೇರೆ ರೋಗಿಗಳಲ್ಲಿ ಏಳದ ಪ್ರಶ್ನೆಗಳು ಇಲ್ಲಿ ಏಳುತ್ತವೆ. ಯಂತ್ರ ಯಾರಿಗಾಗಿ ನಡೆಯುತ್ತಿದೆ? ನಿಲ್ಲಿಸು ಎನ್ನುವ ಹಕ್ಕು ಯಾರಿಗಿದೆ? ನಡೆಸು ಎನ್ನುವ ಹಕ್ಕು ಯಾರಿಗಿದೆ?

ಆಸ್ಪತ್ರೆಯ ನೈತಿಕ ಸಮಿತಿಯಲ್ಲಿ ಕೂರಲು ಶುರುಮಾಡಿದ ಮೇಲೆ ಹೊರದೇಶದ ಪ್ರಕರಣಗಳನ್ನೂ ತೀರ್ಪುಗಳನ್ನೂ ಓದತೊಡಗಿದೆ. ಐಸಿಯುನಲ್ಲಿ ಕಂಡದ್ದು, ತೀರ್ಪುಗಳಲ್ಲಿ ಓದಿದ್ದು ಎರಡೂ ಸೇರಿ ಆದ ಟಿಪ್ಪಣಿಗಳು ಇವು. ಕಿರಿಯ ವೈದ್ಯರಿಗೆ ಹೇಳುವ ಧಾಟಿಯಲ್ಲೇ ಬರೆದಿದ್ದೇನೆ. ಆದರೆ ಇವು ಎಲ್ಲರ ಮನೆಗೂ ಬರಬಹುದಾದ ಪ್ರಶ್ನೆಗಳು.

1. ಆಕೆ ಇದ್ದಾಳೋ ಇಲ್ಲವೋ, ಮೊದಲು ಅದನ್ನು ತೀರ್ಮಾನಿಸಿ

ವೆಂಟಿಲೇಟರ್ ಮೇಲಿರುವ ಇಬ್ಬರು ಬಸುರಿಯರು ನೋಡುವವರಿಗೆ ಒಂದೇ ಥರ ಕಾಣುತ್ತಾರೆ. ಒಬ್ಬಳು ಪ್ರಜ್ಞೆ ಇಲ್ಲದ ಜೀವಂತ ರೋಗಿಯಾಗಿರಬಹುದು. ಇನ್ನೊಬ್ಬಳ ಮಿದುಳುಕಾಂಡವೇ ಸತ್ತಿರಬಹುದು. ಮೊದಲನೆಯವಳ ವಿಷಯದಲ್ಲಿ ಚಿಕಿತ್ಸೆ, ಒಪ್ಪಿಗೆ, ಹಕ್ಕು ಎಲ್ಲವೂ ಜೀವಂತ ವ್ಯಕ್ತಿಯವು. 2022ರ ಅಕ್ಟೋಬರ್‌ನಲ್ಲಿ ದೆಹಲಿಯ ಏಮ್ಸ್‌ನಲ್ಲಿ ರಸ್ತೆ ಅಪಘಾತವಾಗಿ ಏಳು ತಿಂಗಳಿಂದ ಎಚ್ಚರವಿಲ್ಲದೆ ಮಲಗಿದ್ದ ಹೆಣ್ಣುಮಗಳೊಬ್ಬಳು ಹೆಣ್ಣುಕೂಸಿಗೆ ಜನ್ಮ ಕೊಟ್ಟಳು. ಆಕೆ ಜೀವಂತ ತಾಯಿ. ಆ ಸುದ್ದಿಯನ್ನು ಮಿದುಳು ಸತ್ತ ಬಸುರಿಯ ಮನೆಯವರ ಮುಂದೆ ಉದಾಹರಣೆಗೆ ತರಬೇಡಿ. ಅವರಿಗೆ ಇಲ್ಲದ ಆಸೆ ಹುಟ್ಟುತ್ತದೆ.

ಪರೀಕ್ಷೆಗಳು ಎಲ್ಲರಿಗೂ ಮಾಡುವವೇ. ಕಣ್ಣಿಗೆ ಟಾರ್ಚ್ ಬಿಟ್ಟು ಪಾಪೆ ನೋಡುವುದು, ಕಿವಿಯೊಳಗೆ ಐಸ್ ನೀರು ಬಿಡುವುದು, ಟ್ಯೂಬಿನೊಳಗೆ ಸಕ್ಷನ್ ಹಾಕಿ ಕೆಮ್ಮು ಬರುತ್ತದೆಯೇ ಎಂದು ನೋಡುವುದು. ಕೊನೆಯದು ಅಪ್ನಿಯಾ ಪರೀಕ್ಷೆ. ಆಮ್ಲಜನಕ ಮಾತ್ರ ಬಿಟ್ಟು ವೆಂಟಿಲೇಟರ್ ತೆಗೆದು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ 60ಕ್ಕೆ ಏರಿದರೂ ಎದೆ ತಾನಾಗಿ ಏಳುತ್ತದೆಯೇ ಎಂದು ಕಾಯುವುದು. ಬಸುರಿಗೆ ಇದನ್ನು ಮಾಡುವಾಗ ಎಚ್ಚರ ಬೇಕು. ಗರ್ಭಿಣಿಯ ರಕ್ತದಲ್ಲಿ ಆ ಅಂಶ ಸಹಜವಾಗಿಯೇ 30ರ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಅದು 60ಕ್ಕೆ ಏರಲು ಹೆಚ್ಚು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಕೂಸಿನ ರಕ್ತವೂ ಕೆಡುತ್ತದೆ. ಹೆರಿಗೆ ವೈದ್ಯರು ಹೊಟ್ಟೆಯ ಮೇಲೆ ಡಾಪ್ಲರ್ ಹಿಡಿದು ನಿಂತಿರಬೇಕು.

ಫಲಿತಾಂಶ ಹೇಳಿದ ಮೇಲೆ ಬರುವ ಮಾತು ನನಗೆ ಬಾಯಿಪಾಠವಾಗಿದೆ. “ಡಾಕ್ಟರ್ರೀ, ಕೈ ಹಿಡದು ನೋಡ್ರಿ, ಮೈ ಬೆಚ್ಚಗೈತಿ. ಎದಿ ಬಡಕೊಳ್ಳಾಕತ್ತೈತಿ. ಹೊಟ್ಟ್ಯಾಗ ಕೂಸು ಮಿಸುಕಾಡತೈತಿ. ಸತ್ತಾಳಂತ ಹೆಂಗ ನಂಬಬೇಕ್ರಿ?” ಇದಕ್ಕೆ ವಾದ ಹೂಡಬಾರದು. ಮನೆಯ ಒಬ್ಬರನ್ನು ಒಳಗೆ ಕರೆದು ಅಪ್ನಿಯಾ ಪರೀಕ್ಷೆಯನ್ನು ಕಣ್ಣಾರೆ ತೋರಿಸುತ್ತೇನೆ. ಯಂತ್ರ ತೆಗೆದ ಮೇಲೆ ಎದೆ ಏಳದೇ ಇರುವುದನ್ನು ನೋಡಿದವರು ಹೊರಗೆ ಹೋಗಿ ಉಳಿದವರಿಗೆ ಹೇಳುವ ರೀತಿ ನಮಗೆ ಬರುವುದಿಲ್ಲ.

2. ನಮ್ಮ ಕಾನೂನಿನಲ್ಲಿ ಮಿದುಳು ಸಾವು ಅರ್ಧ ಸಾವು

ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ 2013ರ ನವೆಂಬರ್‌ನಲ್ಲಿ 14 ವಾರದ ಗರ್ಭಿಣಿಯೊಬ್ಬಳು ಮನೆಯಲ್ಲೇ ಕುಸಿದುಬಿದ್ದಳು. ಎರಡು ದಿನಕ್ಕೆ ಮಿದುಳು ಸತ್ತಿತು. ಗಂಡ ಹೆಂಡತಿ ಇಬ್ಬರೂ ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವವರು. ಇಂಥ ಗತಿ ಬಂದರೆ ಯಂತ್ರ ಬೇಡವೆಂದು ಮೊದಲೇ ಮಾತಾಡಿಕೊಂಡವರು. ಆಸ್ಪತ್ರೆ ಒಪ್ಪಲಿಲ್ಲ. ಗರ್ಭಿಣಿ ರೋಗಿಯ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಕೂಡದು ಎಂಬ ಸಾಲು ಆ ರಾಜ್ಯದ ಕಾಯ್ದೆಯಲ್ಲಿದೆ ಎಂದಿತು. ಗಂಡ ಕೋರ್ಟಿಗೆ ಹೋದ. 2014ರ ಜನವರಿ 24ರಂದು ನ್ಯಾಯಾಧೀಶರು ಹೇಳಿದ್ದು ಸರಳ ಮಾತು: ಆಕೆ ಸತ್ತಿದ್ದಾಳೆ, ಸತ್ತವಳು ರೋಗಿಯಲ್ಲ, ರೋಗಿಗಾಗಿ ಬರೆದ ಕಲಂ ಆಕೆಗೆ ಅನ್ವಯಿಸುವುದಿಲ್ಲ. ಎರಡು ದಿನದ ನಂತರ ಯಂತ್ರ ನಿಂತಿತು. ಆಕೆಯ ಮಿದುಳು ಎರಡು ದಿನಕ್ಕೇ ಸತ್ತಿತ್ತು, ಆ ಭ್ರೂಣ ಬದುಕುವ ಸ್ಥಿತಿಯಲ್ಲಿಲ್ಲ ಎಂಬ ಎರಡನ್ನೂ ಆಸ್ಪತ್ರೆಯೇ ಕೋರ್ಟಿನಲ್ಲಿ ಒಪ್ಪಿಕೊಂಡಿತ್ತು.

ಈ ತೀರ್ಪನ್ನು ಓದಿ ನಮ್ಮಲ್ಲೂ ಹೀಗೇ ಎಂದುಕೊಳ್ಳಬೇಡಿ. ನಮ್ಮಲ್ಲಿ ಮಿದುಳುಕಾಂಡದ ಸಾವನ್ನು ಸಾವು ಎಂದು ಒಪ್ಪಿರುವುದು 1994ರ ಅಂಗಾಂಗ ಕಸಿ ಕಾಯ್ದೆ. ನಾಲ್ವರು ವೈದ್ಯರ ಸಮಿತಿ, ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ, ಫಾರ್ಮ್ 10ಕ್ಕೆ ಸಹಿ. ಅಂಗದಾನಕ್ಕೆ ಮನೆಯವರು ಒಪ್ಪಿದರೆ ರಾಜ್ಯದ ಅಂಗದಾನ ಸಂಸ್ಥೆ ‘ಜೀವಸಾರ್ಥಕತೆ’ಯವರಿಗೆ ಫೋನ್ ಹೋಗುತ್ತದೆ, ಮುಂದಿನದು ಹಳಿ ಮೇಲೆ ಸಾಗುತ್ತದೆ. ಒಪ್ಪದಿದ್ದರೆ? 1969ರ ಜನನ ಮರಣ ನೋಂದಣಿ ಕಾಯ್ದೆ ಜೀವದ ಎಲ್ಲ ಲಕ್ಷಣಗಳೂ ಶಾಶ್ವತವಾಗಿ ಮಾಯವಾಗುವುದನ್ನೇ ಮರಣ ಎನ್ನುತ್ತದೆ. ಎದೆ ಬಡಿಯುತ್ತಿರುವಾಗ ಮರಣಪತ್ರಕ್ಕೆ ಸಹಿ ಹಾಕಲು ವೈದ್ಯರ ಕೈ ನಡುಗುತ್ತದೆ. ಅಂಗದಾನ ಇರಲಿ ಬಿಡಲಿ ಮಿದುಳು ಸಾವನ್ನು ಹೇಗೆ ಘೋಷಿಸಬೇಕೆಂದು ಕೇರಳ ಸರ್ಕಾರ 2020ರಲ್ಲಿ ಮಾರ್ಗಸೂಚಿ ಹೊರಡಿಸಿತು. ಉಳಿದ ಕಡೆ ಏನಾಗುತ್ತದೆ ಎಂಬುದು ಐಸಿಯುನಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಮನೆಯವರಿಂದ ‘ವೈದ್ಯರ ಸಲಹೆ ಮೀರಿ ಕರೆದುಕೊಂಡು ಹೋಗುತ್ತಿದ್ದೇವೆ’ ಎಂದು ಬರೆಸಿಕೊಳ್ಳುತ್ತಾರೆ. ಆಂಬುಲೆನ್ಸ್‌ನಲ್ಲಿ ಹುಡುಗನೊಬ್ಬ ಆಂಬು ಬ್ಯಾಗ್ ಒತ್ತುತ್ತಾ ಹೋಗುತ್ತಾನೆ. ಊರಿನ ಅಗಸೆ ದಾಟಿದ ಮೇಲೆ ಟ್ಯೂಬ್ ತೆಗೆಯುತ್ತಾರೆ. ಹೊಟ್ಟೆಯಲ್ಲಿ ಕೂಸಿರುವವಳನ್ನೂ ಹೀಗೆ ಕಳಿಸಿದ್ದುಂಟು.

ಟೆಕ್ಸಾಸ್‌ನ ನ್ಯಾಯಾಧೀಶರ ಕೈಯಲ್ಲಿದ್ದ ಒಂದೇ ಕೀಲಿ ಆಕೆ ಸತ್ತಿದ್ದಾಳೆ ಎಂಬುದು. ನಮ್ಮಲ್ಲಿ ಆ ಕೀಲಿ ಅಂಗದಾನದ ಬಾಗಿಲಿಗೆ ಮಾತ್ರ ಕೂರುತ್ತದೆ. ಆದ್ದರಿಂದ ಅಂಗದಾನದ ಮಾತೇ ಇಲ್ಲದಿದ್ದರೂ ನಾಲ್ವರ ಸಮಿತಿ ಕರೆದು ಎರಡೂ ಪರೀಕ್ಷೆ ಮಾಡಿಸಿ ಕೇಸ್ ಶೀಟಿನಲ್ಲಿ ದಾಖಲಿಸುವುದು ನನ್ನ ಪದ್ಧತಿ. ಮುಂದೆ ಯಾರು ಯಾವ ಕೋರ್ಟಿಗೆ ಹೋದರೂ ಮೊದಲು ಕೇಳುವುದು ಆ ಹಾಳೆಯನ್ನೇ.

3. ತಾಯಿ ಕಾರ್ಡ್ ತರಿಸಿ

ಸತ್ತಿದ್ದಾಳೆ ಎಂದಾದ ಮೇಲಿನ ಎರಡನೇ ಪ್ರಶ್ನೆ ಎಷ್ಟು ವಾರ ಎಂಬುದು. ಗಂಡನನ್ನು ಕೇಳಿದರೆ “ಐದೋ ಆರೋ ತಿಂಗ್ಳಾಗೇತ್ರಿ” ಎನ್ನುತ್ತಾನೆ. ಆ ಒಂದು ತಿಂಗಳ ಅನುಮಾನದಲ್ಲೇ ಇಡೀ ನಿರ್ಧಾರ ಅಡಗಿದೆ. ಮನೆಗೆ ಫೋನ್ ಮಾಡಿಸಿ ತಾಯಿ ಕಾರ್ಡ್ ತರಿಸಿ. ಸಿಗದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಆಕೆಯ ಪುಸ್ತಕದಲ್ಲಿ ಕೊನೆಯ ಮುಟ್ಟಿನ ದಿನಾಂಕ ಇರುತ್ತದೆ. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

28 ವಾರ ದಾಟಿದ್ದರೆ ಬಹುತೇಕ ಜಗಳವೇ ಇರುವುದಿಲ್ಲ. ಶ್ವಾಸಕೋಶ ಬಲಿಯಲು ಡೆಕ್ಸಾಮೆಥಾಸೋನ್ ಕೊಟ್ಟು, ನವಜಾತ ಶಿಶುಗಳ ಐಸಿಯು (ಎನ್‌ಐಸಿಯು) ಸಿದ್ಧಮಾಡಿ ಸಿಸೇರಿಯನ್ ಮಾಡುತ್ತಾರೆ. 24ರಿಂದ 28ರ ನಡುವೆ ಇದ್ದರೆ ಒಂದೆರಡು ವಾರ ಕಾಯುವುದಕ್ಕೆ ಅರ್ಥವಿದೆ, ಮನೆಯವರೂ ಸಾಮಾನ್ಯವಾಗಿ ಕಾಯಿರಿ ಎನ್ನುತ್ತಾರೆ. ನಿಜವಾದ ಬಿಕ್ಕಟ್ಟು ಅದಕ್ಕೂ ಕೆಳಗಿನದು.

ಜರ್ಮನಿಯ ಎರ್ಲಾಂಗನ್‌ನಲ್ಲಿ 1992ರ ಅಕ್ಟೋಬರ್‌ನಲ್ಲಿ ಕಾರು ಅಪಘಾತದಲ್ಲಿ 18 ವರ್ಷದ ಹುಡುಗಿಯ ಮಿದುಳು ಸತ್ತಿತು. ಗರ್ಭಕ್ಕೆ ಸುಮಾರು 15 ವಾರ. ಆಸ್ಪತ್ರೆ ಮುಂದುವರಿಸಿತು, ದೇಶವೆಲ್ಲ ಎರಡು ಹೋಳಾಗಿ ಜಗಳವಾಡಿತು, ನವೆಂಬರ್ 16ಕ್ಕೆ ಗರ್ಭ ತಾನಾಗಿ ಜಾರಿತು. ಅದೇ ಬಗೆಯ ಆರಂಭ ಚೆಕ್ ದೇಶದ ಬ್ರನೋದಲ್ಲಿ 2019ರಲ್ಲಿ ಬೇರೆ ರೀತಿ ಮುಗಿಯಿತು. 16 ವಾರಕ್ಕೆ ಪಾರ್ಶ್ವವಾಯುವಿನಿಂದ ಮಿದುಳು ಸತ್ತ ತಾಯಿಯ ದೇಹವನ್ನು 117 ದಿನ ನಡೆಸಿದರು. ಆಗಸ್ಟ್‌ನಲ್ಲಿ 2.13 ಕಿಲೋ ತೂಕದ ಹೆಣ್ಣುಮಗು ಹುಟ್ಟಿತು. ಬ್ರನೋದ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಆದರೆ ನಿರ್ಧಾರ ತೆಗೆದುಕೊಳ್ಳುವಾಗ ಎರಡೂ ಊರು ನೆನಪಿರಬೇಕು. ಹೈಡೆಲ್‌ಬರ್ಗ್‌ನ ವೈದ್ಯರು 2010ರಲ್ಲಿ ಅಲ್ಲಿಯವರೆಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಗಿದ್ದ 30 ಪ್ರಕರಣಗಳನ್ನು ಒಟ್ಟುಮಾಡಿದಾಗ ಬದುಕುಳಿದ ಶಿಶುಗಳು 12. ಅದೂ ಪ್ರಕಟವಾದವುಗಳಲ್ಲಿ. ಸೋತ ಪ್ರಕರಣವನ್ನು ಬರೆದು ಪತ್ರಿಕೆಗೆ ಕಳಿಸುವ ಉತ್ಸಾಹ ಯಾವ ವೈದ್ಯನಿಗೂ ಇರುವುದಿಲ್ಲ.

4. ‘ಮುಂದುವರಿಸೋಣ’ ಎನ್ನುವವರು ಒಂದು ಶಿಫ್ಟ್ ನಿಂತು ನೋಡಲಿ

ನೈತಿಕ ಸಮಿತಿಯ ಸಭೆಯಲ್ಲಿ ಸಲೀಸಾಗಿ ಬರುವ ಮಾತು “ಮುಂದುವರಿಸೋಣ, ನೋಡೋಣ” ಎಂಬುದು. ಆ ಮಾತಿನ ಬೆಲೆ ತೆರುವವರು ನರ್ಸ್‌ಗಳು. ಮಿದುಳು ಸತ್ತ ದೇಹಕ್ಕೆ ಮೂತ್ರ ಹಿಡಿದಿಡುವ ಹಾರ್ಮೋನು ಇಲ್ಲ. ಗಂಟೆಗೆ 300–400 ಮಿಲಿ ಮೂತ್ರ ಹೋಗಿ ಯೂರೋ ಬ್ಯಾಗ್ ತುಂಬುತ್ತಲೇ ಇರುತ್ತದೆ, ಸೋಡಿಯಂ ಏರುತ್ತದೆ. ಅದಕ್ಕೆ ವ್ಯಾಸೋಪ್ರೆಸಿನ್. ಬಿಪಿ ನಿಲ್ಲಲು ನಾರ್‌ಅಡ್ರಿನಲಿನ್. ಜೊತೆಗೆ ಹೈಡ್ರೋಕಾರ್ಟಿಸೋನ್, ಥೈರಾಯ್ಡ್ ಹಾರ್ಮೋನು. ಮೈ ತಾನಾಗಿ ಬೆಚ್ಚಗಿರಲಾರದು, ಬಿಸಿಗಾಳಿಯ ಹೊದಿಕೆ ಬೇಕು. ರೈಲ್ಸ್ ಟ್ಯೂಬಿನಲ್ಲಿ ಫೀಡ್, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಗರ್ಭದ ಭಾರ ದೊಡ್ಡ ರಕ್ತನಾಳ ಒತ್ತದಂತೆ ಬಲ ಸೊಂಟದ ಕೆಳಗೆ ದಿಂಬು, ದಿನಕ್ಕೆ ಹಲವು ಸಲ ಕೂಸಿನ ಎದೆಬಡಿತ. ಇಷ್ಟೆಲ್ಲದರ ನಡುವೆ ನ್ಯುಮೋನಿಯಾ ಬಂದರೆ ಮೊದಲಿನಿಂದ ಲೆಕ್ಕ.

ಐರ್ಲೆಂಡಿನ ಹೈಕೋರ್ಟು 2014ರ ಡಿಸೆಂಬರ್‌ನಲ್ಲಿ ಈ ವಿವರಗಳನ್ನೆಲ್ಲ ಒಂದೊಂದಾಗಿ ಕೇಳಿಸಿಕೊಂಡಿತು. 15 ವಾರದ ಗರ್ಭಿಣಿ, ಇಬ್ಬರು ಮಕ್ಕಳ ತಾಯಿ. ಡಿಸೆಂಬರ್ 3ರಂದು ಮಿದುಳು ಸಾವಿನ ಘೋಷಣೆ ಆಗಿತ್ತು. ಮಗಳನ್ನು ಕಳಿಸಿಕೊಡಿ ಎಂದು ಆಕೆಯ ತಂದೆ ಕೋರ್ಟಿಗೆ ಬಂದ. ಸೋಂಕು, ಜ್ವರ, ಊತದಿಂದ ದೇಹ ಹದಗೆಡುತ್ತಿದ್ದುದನ್ನು ವೈದ್ಯರೇ ಸಾಕ್ಷ್ಯದಲ್ಲಿ ಹೇಳಿದರು. ಮೂವರು ನ್ಯಾಯಾಧೀಶರು ಕ್ರಿಸ್ಮಸ್‌ನ ಮರುದಿನ ತೀರ್ಪು ಕೊಟ್ಟರು: ಭ್ರೂಣ ಬದುಕುವ ವಾಸ್ತವಿಕ ಸಾಧ್ಯತೆಯೇ ಇಲ್ಲದಿರುವಾಗ ತಾಯಿಯ ಘನತೆಯನ್ನು ಕಸಿಯುತ್ತ ಯಂತ್ರ ನಡೆಸಬೇಕಿಲ್ಲ. ಆ ಪೀಠದ ವಿಧಾನ ನನಗೆ ಮೆಚ್ಚುಗೆಯಾಯಿತು. ತತ್ವದ ಮಾತಿಗೆ ಮೊದಲು ವೈದ್ಯರನ್ನು ಒಬ್ಬೊಬ್ಬರಾಗಿ ಕರೆದು ಈ ಹಾಸಿಗೆಯಲ್ಲಿ ಈಗ ಏನಾಗುತ್ತಿದೆ ಎಂದು ಕೇಳಿದರು.

5. ಕಾನೂನಿಗಿಂತ ಕಾನೂನಿನ ಭಯ ಹೆಚ್ಚು ಜನರನ್ನು ಕಟ್ಟಿಹಾಕುತ್ತದೆ

ನನ್ನ ಟಿಪ್ಪಣಿಗಳಲ್ಲಿ ನಾನು ಅಡಿಗೆರೆ ಎಳೆಯುವುದು ಇದಕ್ಕೆ.

ಆ ಐರಿಷ್ ವೈದ್ಯರು ಯಾಕೆ ಮೂರು ವಾರ ಯಂತ್ರ ನಡೆಸಿದರು? 1983ರಲ್ಲಿ ಆ ದೇಶ ಸಂವಿಧಾನಕ್ಕೆ ಸೇರಿಸಿದ್ದ ಎಂಟನೇ ತಿದ್ದುಪಡಿ ಹುಟ್ಟದ ಮಗುವಿನ ಜೀವಕ್ಕೂ ತಾಯಿಯ ಜೀವಕ್ಕೂ ಸಮಾನ ಹಕ್ಕು ಎಂದಿತ್ತು. ತಾಯಿಯೇ ಸತ್ತಿರುವಾಗ ಆ ಸಾಲಿನ ಅರ್ಥವೇನು ಎಂಬುದು ವೈದ್ಯರಿಗೆ ಖಚಿತವಿರಲಿಲ್ಲ. ಖಚಿತವಿಲ್ಲದಾಗ ಆಸ್ಪತ್ರೆಗಳು ಮಾಡುವುದನ್ನೇ ಅವರೂ ಮಾಡಿದರು, ಯಾರೂ ಸ್ವಿಚ್ ಮುಟ್ಟಲಿಲ್ಲ.

ಅದೇ ತಿದ್ದುಪಡಿಯ ಭಯ ಎರಡು ವರ್ಷ ಮೊದಲು ನಮ್ಮ ಬೆಳಗಾವಿಯ ಮಗಳನ್ನು ತೆಗೆದುಕೊಂಡಿತ್ತು. ಸವಿತಾ ಹಾಲಪ್ಪನವರ್ ದಂತವೈದ್ಯೆ. 2012ರ ಅಕ್ಟೋಬರ್‌ನಲ್ಲಿ 17 ವಾರದ ಗರ್ಭ ಜಾರುತ್ತಿದೆ ಎಂದು ಗಾಲ್ವೆಯ ಆಸ್ಪತ್ರೆಗೆ ಸೇರಿದಳು. ಗರ್ಭ ಉಳಿಯುವುದಿಲ್ಲವೆಂದು ವೈದ್ಯರಿಗೂ ಗೊತ್ತಿತ್ತು. ತೆಗೆದುಬಿಡಿ ಎಂದು ಆಕೆ ಕೇಳಿದಳು. ಭ್ರೂಣದ ಎದೆಬಡಿತ ಇದೆ ಎಂದು ಕಾದರು. ಕಾಯುವಷ್ಟರಲ್ಲಿ ಸೋಂಕು ರಕ್ತಕ್ಕೆ ಇಳಿಯಿತು. 28ರಂದು ತೀರಿಕೊಂಡಳು, 31 ವರ್ಷ. ಪ್ರೊಫೆಸರ್ ಅರುಳ್‌ಕುಮಾರನ್ ಅಧ್ಯಕ್ಷತೆಯ ತನಿಖೆ ಕಂಡುಕೊಂಡ ದೋಷಗಳಲ್ಲಿ ಒಂದು, ಭ್ರೂಣದ ಹೃದಯ ನಿಲ್ಲುವವರೆಗೆ ಕೈಹಾಕಬಾರದು ಎಂಬುದಕ್ಕೆ ಕೊಟ್ಟ ಅತಿಯಾದ ಒತ್ತು. ಸವಿತಾ ಐಸಿಯು ಸೇರಿದ್ದು ಕೊನೆಯಲ್ಲಿ, ಆಕೆಯದು ಯಂತ್ರ ನಿಲ್ಲಿಸುವ ವ್ಯಾಜ್ಯವಲ್ಲ. ಆದರೂ ನನ್ನ ಪಟ್ಟಿಯಲ್ಲಿ ಆಕೆಯ ಹೆಸರೇ ಮೊದಲು. ಭ್ರೂಣದ ಎದೆಬಡಿತವನ್ನು ನೋಡುತ್ತಾ ಕೂತವರು ತಾಯಿಯ ಜ್ವರದ ಚಾರ್ಟನ್ನು ತಡವಾಗಿ ನೋಡುತ್ತಾರೆ. 2018ರ ಮೇ ತಿಂಗಳಲ್ಲಿ ಐರ್ಲೆಂಡಿನ ಶೇ. 66ಕ್ಕೂ ಹೆಚ್ಚು ಮತದಾರರು ಆ ತಿದ್ದುಪಡಿಯನ್ನು ಕಿತ್ತುಹಾಕಿದರು. ಡಬ್ಲಿನ್‌ನ ಗೋಡೆಗಳ ಮೇಲೆ ಆಕೆಯ ಚಿತ್ರವಿತ್ತು.

ಇತ್ತೀಚಿನದು ಅಮೆರಿಕದ ಜಾರ್ಜಿಯಾ. 2025ರ ಫೆಬ್ರವರಿಯಲ್ಲಿ ಮಿದುಳಲ್ಲಿ ರಕ್ತ ಹೆಪ್ಪುಗಟ್ಟಿ 30 ವರ್ಷದ ನರ್ಸ್ ಒಬ್ಬಳ ಮಿದುಳು ಸತ್ತಿತು. ಗರ್ಭಕ್ಕೆ ಸುಮಾರು ಒಂಬತ್ತು ವಾರ. ಭ್ರೂಣದ ಹೃದಯ ಚಟುವಟಿಕೆ ಶುರುವಾದ ಮೇಲೆ ಗರ್ಭಪಾತ ನಿಷೇಧಿಸುವ ಕಾಯ್ದೆ ಇರುವುದರಿಂದ ಯಂತ್ರ ನಿಲ್ಲಿಸಲಾಗದು ಎಂದು ವೈದ್ಯರು ತಿಳಿಸಿದರು ಎಂದು ಮನೆಯವರು ಹೇಳಿದರು. ತಮಗೆ ಆಯ್ಕೆಯನ್ನೇ ಕೊಡಲಿಲ್ಲ ಎಂಬುದು ಆಕೆಯ ತಾಯಿಯ ದೂರು. ಮೇ ತಿಂಗಳಲ್ಲಿ ಅದೇ ರಾಜ್ಯದ ಅಟಾರ್ನಿ ಜನರಲ್ ಕಚೇರಿ, ಮಿದುಳು ಸತ್ತವರ ಯಂತ್ರ ನಿಲ್ಲಿಸುವುದು ಗರ್ಭಪಾತದ ಉದ್ದೇಶದ ಕೃತ್ಯವಲ್ಲ, ಯಂತ್ರ ನಡೆಸಲೇಬೇಕೆಂದು ಕಾಯ್ದೆ ಹೇಳುವುದಿಲ್ಲ ಎಂದಿತು. ಯಂತ್ರ ಮಾತ್ರ ಜೂನ್‌ವರೆಗೆ ನಡೆಯಿತು. ಸುಮಾರು 820 ಗ್ರಾಂ ತೂಕದ ಗಂಡುಮಗುವನ್ನು ಸಿಸೇರಿಯನ್ ಮಾಡಿ ತೆಗೆದರು, ಕೆಲವೇ ದಿನಕ್ಕೆ ತಾಯಿಯನ್ನು ಬೀಳ್ಕೊಟ್ಟರು.

ಟೆಕ್ಸಾಸ್, ಐರ್ಲೆಂಡ್, ಜಾರ್ಜಿಯಾ. ಮೂರೂ ಕಡೆ ಕಾನೂನು ಕೇಳದ್ದನ್ನು ಆಸ್ಪತ್ರೆಗಳು ಕಾನೂನಿನ ಹೆಸರಲ್ಲಿ ಮಾಡಿದವು. ನಮ್ಮಲ್ಲೂ “ಲೀಗಲ್ ಪ್ರಾಬ್ಲಮ್ ಆಗ್ತದ” ಎಂಬ ಮಾತು ಸಮಿತಿಯಲ್ಲಿ ಕೇಳಿದ ಕೂಡಲೇ ನಾನು ಯಾವ ಕಾಯ್ದೆ, ಎಷ್ಟನೇ ಕಲಂ ಎಂದು ಕೇಳುತ್ತೇನೆ. ಅರ್ಧಕ್ಕರ್ಧ ಸಲ ಉತ್ತರ ಬರುವುದಿಲ್ಲ. ಬಂದ ದಿನ ಆ ಕಲಂ ಅನ್ನು ಗಟ್ಟಿಯಾಗಿ ಓದಿಸುತ್ತೇವೆ.

6. ಗಂಡನ ಸಹಿ ಎಲ್ಲಕ್ಕೂ ಸಾಲದು

ನಮ್ಮ ಆಸ್ಪತ್ರೆಗಳಲ್ಲಿ ಗಂಡನ ಸಹಿ ಇದ್ದರೆ ಮುಗಿಯಿತು ಎಂಬ ನಂಬಿಕೆ ಬಲವಾಗಿದೆ. ಆದರೆ 1971ರ ಗರ್ಭಪಾತ ಕಾಯ್ದೆ ಕೇಳುವುದು ಗರ್ಭಿಣಿಯ ಒಪ್ಪಿಗೆಯನ್ನು. ಅಪ್ರಾಪ್ತೆಯಾಗಿದ್ದರೆ ಅಥವಾ ಮಾನಸಿಕ ಅಸ್ವಸ್ಥೆಯಾಗಿದ್ದರೆ ಪೋಷಕರ ಒಪ್ಪಿಗೆ. ಪ್ರಜ್ಞೆ ತಪ್ಪಿ ಮಲಗಿರುವ ವಯಸ್ಕ ಹೆಂಗಸಿನ ಪರವಾಗಿ ಗಂಡ ಒಪ್ಪಬಹುದು ಎಂಬ ಸಾಲು ಅದರಲ್ಲಿಲ್ಲ. ಜೀವ ಉಳಿಸಲು ತಕ್ಷಣ ಗರ್ಭ ತೆಗೆಯಬೇಕಾಗಿ ಬಂದರೆ ಐದನೇ ಕಲಂ ವಾರಗಳ ಮಿತಿಯನ್ನೂ ಇಬ್ಬರು ವೈದ್ಯರ ಷರತ್ತನ್ನೂ ಸಡಿಲಿಸುತ್ತದೆ. ತುರ್ತು ಇಲ್ಲದಿದ್ದಾಗ ದಾರಿ ಹೈಕೋರ್ಟು. ಕೋಮಾದಲ್ಲಿರುವವರಿಗೆ ಪೋಷಕರನ್ನು ನೇಮಿಸಲು ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲದ್ದರಿಂದ 226ನೇ ವಿಧಿಯ ರಿಟ್ ಅರ್ಜಿಯೇ ಗತಿ. ವಯಸ್ಕರ ಪರವಾಗಿ ಬೇರೆಯವರು ಕೊಟ್ಟ ಒಪ್ಪಿಗೆ ತುರ್ತಿಲ್ಲದಿದ್ದರೆ ನಡೆಯದು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ಸಹಿ ಹಾಕಿದ್ದು ಹೆತ್ತ ತಾಯಿ, ಅದೂ ಸಾಲಲಿಲ್ಲ.

ಪರವಾಗಿ ಮಾತಾಡುವವರು ಯಾರು ಎಂಬುದಕ್ಕೆ ನಮ್ಮ ದೇಶದಲ್ಲಿ ಮೊದಲ ದೊಡ್ಡ ಉತ್ತರ ಸಿಕ್ಕಿದ್ದೂ ಕನ್ನಡನಾಡಿನ ಹೆಣ್ಣುಮಗಳ ಮೂಲಕವೇ. ಹೊನ್ನಾವರದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಅರಿವಿಲ್ಲದ ಸ್ಥಿತಿಯಲ್ಲಿ ನಾಲ್ಕು ದಶಕ ಮಲಗಿದ್ದಳು. ಸುಪ್ರೀಂ ಕೋರ್ಟಿನ 2011ರ ತೀರ್ಪು ಆಕೆಯ ಆಪ್ತರು ಎಂದು ಗುರುತಿಸಿದ್ದು ದಯಾಮರಣಕ್ಕೆ ಅರ್ಜಿ ಹಾಕಿದ ಪತ್ರಕರ್ತೆಯನ್ನಲ್ಲ, ದಿನವೂ ಮೈ ಒರೆಸಿ ಊಟ ಕೊಟ್ಟ ಆಸ್ಪತ್ರೆಯ ಸಿಬ್ಬಂದಿಯನ್ನು.

ಐಸಿಯು ಬಾಗಿಲಲ್ಲಿ ಜಗಳ ಬೇರೆ ಬಗೆಯದು. ಒಂದು ಬೆಂಚಿನ ಮೇಲೆ ಗಂಡನ ಮನೆಯವರು, ಎದುರಿನ ಬೆಂಚಿನ ಮೇಲೆ ತವರಿನವರು. ಗಂಡನನ್ನು ಕೇಳಿದರೆ “ನಾ ಏನ್ ಹೇಳ್ಲಿ ಸರ್, ನಮ್ಮ ಮಾವ್ನೋರ್ನ ಕೇಳ್ರಿ” ಎನ್ನುತ್ತಾನೆ. ಮಾವನನ್ನು ಕೇಳಿದರೆ “ಕೊಟ್ಟ ಮ್ಯಾಲ ಹೆಣ್ಣು ಅವರ ಮನಿದು” ಎನ್ನುತ್ತಾನೆ. ಮದುವೆಯಾಗಿ ಏಳು ವರ್ಷ ಆಗಿರದಿದ್ದು, ಸುಟ್ಟದ್ದೋ ನೇಣೋ ವಿಷವೋ ಆಗಿದ್ದರೆ ಈ ಜಗಳಕ್ಕೆ ಪೊಲೀಸರೂ ತಹಸೀಲ್ದಾರರೂ ಸೇರುತ್ತಾರೆ. ಆಗ ಯಂತ್ರ ನಿಲ್ಲಿಸಲಿ ಎನ್ನುವ ಗಂಡನ ಮೇಲೆ ಅನುಮಾನ, ನಡೆಸಲಿ ಎನ್ನುವ ತವರಿನವರ ಮೇಲೂ ಅನುಮಾನ. ನಾನು ಎರಡೂ ಕಡೆಯವರನ್ನು ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿಗೆ ಕೂರಿಸುತ್ತೇನೆ. ಬೇರೆಬೇರೆಯಾಗಿ ಮಾತಾಡಿದ ದಿನ ಸಂಜೆಯೊಳಗೆ ವೈದ್ಯರು ಆ ಕಡೆಯವರಿಗೆ ಒಂದು ಹೇಳಿದರು ಈ ಕಡೆಯವರಿಗೆ ಒಂದು ಹೇಳಿದರು ಎಂಬ ಮಾತು ಎದ್ದಿರುತ್ತದೆ.

7. ಎಚ್ಚರವಿದ್ದರೆ ಆಕೆಯನ್ನೇ ಕೇಳಿ

ಎದ್ದು ಮಾತಾಡುವ ರೋಗಿಯನ್ನು ಬಿಟ್ಟು ಬಾಗಿಲಾಚೆಯವರನ್ನು ಕೇಳುವ ಚಾಳಿ ನಮ್ಮಲ್ಲಿ ಮಾತ್ರ ಇರುವುದಲ್ಲ. 1987ರಲ್ಲಿ ವಾಷಿಂಗ್ಟನ್‌ನ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರ್‌ನಿಂದ ಸಾಯುತ್ತಿದ್ದ 26 ವಾರದ ಗರ್ಭಿಣಿಗೆ ಸಿಸೇರಿಯನ್ ಮಾಡಬೇಕೇ ಎಂದು ನ್ಯಾಯಾಧೀಶರು ಆಸ್ಪತ್ರೆಗೇ ಬಂದು ವಿಚಾರಣೆ ನಡೆಸಿದರು. ಅದೇ ಕಟ್ಟಡದಲ್ಲಿದ್ದ ಆಕೆ ಒಮ್ಮೆ ಒಪ್ಪಿದಂತೆ ಕಂಡು, ಆಮೇಲೆ ತನಗೆ ಬೇಡವೆಂದು ತುಟಿಯಾಡಿಸಿ ಹೇಳಿದಳು. ಆದರೂ ಆದೇಶ ಹೊರಟಿತು, ಶಸ್ತ್ರಕ್ರಿಯೆ ನಡೆಯಿತು. ಮಗು ಎರಡು ಗಂಟೆಯೊಳಗೆ ಹೋಯಿತು, ತಾಯಿ ಎರಡು ದಿನಕ್ಕೆ. 1990ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು. ಹೆಚ್ಚುಕಡಿಮೆ ಎಲ್ಲ ಸಂದರ್ಭಗಳಲ್ಲೂ ನಿರ್ಧಾರ ಗರ್ಭಿಣಿಯದೇ, ಆಕೆ ಹೇಳಲಾರದ ಸ್ಥಿತಿಯಲ್ಲಿದ್ದರೆ ಆಕೆ ಏನು ಹೇಳುತ್ತಿದ್ದಳು ಎಂಬುದನ್ನು ಹುಡುಕಬೇಕು ಎಂದಿತು. ಟ್ಯೂಬ್ ಹಾಕುವ ಮೊದಲು ಉಸಿರಾಡಲು ಒದ್ದಾಡುತ್ತಿರುವವಳಿಗೂ ಒಂದು ಪ್ರಶ್ನೆ ಕೇಳುವಷ್ಟು ಸಮಯ ಸಾಮಾನ್ಯವಾಗಿ ಇರುತ್ತದೆ.

8. ಹೃದಯ ನಿಂತಾಗ ಸಭೆ ಕರೆಯಬೇಡಿ

ಗರ್ಭಕೋಶ ಹೊಕ್ಕುಳ ಮಟ್ಟಕ್ಕೆ ಬಂದಿದ್ದರೆ, ಅಂದರೆ ಸುಮಾರು 20 ವಾರ ದಾಟಿದ್ದರೆ, ಹೃದಯ ನಿಂತು ಮರಳದಿದ್ದಾಗ ಐದು ನಿಮಿಷದೊಳಗೆ ಅಲ್ಲೇ ಹಾಸಿಗೆಯ ಮೇಲೆ ಮಗುವನ್ನು ಹೊರತೆಗೆಯಬೇಕು. ಅದು ಮೊದಲು ತಾಯಿಯ ಚಿಕಿತ್ಸೆ, ಹೊಟ್ಟೆಯ ಭಾರ ಇಳಿದರೆ ಎದೆಗೆ ರಕ್ತ ಮರಳುತ್ತದೆ. ಥಿಯೇಟರಿಗೆ ಒಯ್ಯುವುದು, ಸಹಿಗೆ ಓಡಾಡುವುದು ಬೇಡ. ಒಂದು ಬ್ಲೇಡ್ ಕ್ರ್ಯಾಶ್ ಕಾರ್ಟ್‌ನಲ್ಲಿ ಸದಾ ಇರಲಿ.

9. ಗಂಡೋ ಹೆಣ್ಣೋ

ಸ್ಕ್ಯಾನ್ ಯಂತ್ರ ಹಾಸಿಗೆಯ ಪಕ್ಕ ಬಂದ ಕೂಡಲೇ ಈ ಪ್ರಶ್ನೆ ಬರುತ್ತದೆ. ನೇರವಾಗಿ ಬಾರದಿದ್ದರೆ ವಾರ್ಡ್ ಬಾಯ್ ಮೂಲಕ ಬರುತ್ತದೆ. ಲಿಂಗಪತ್ತೆ ನಿಷೇಧಿಸುವ 1994ರ ಕಾಯ್ದೆ ಐಸಿಯುಗೂ ಅನ್ವಯಿಸುತ್ತದೆ, ಸೊಸೆ ವೆಂಟಿಲೇಟರ್ ಮೇಲಿದ್ದಾಳೆ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಲಿಂಗ ತಿಳಿದ ಮೇಲೆ ‘ಮುಂದುವರಿಸಿ’ ‘ನಿಲ್ಲಿಸಿ’ ಎಂಬ ಮಾತುಗಳ ಹಿಂದೆ ಏನಿದೆಯೆಂದು ತಿಳಿಯುವುದು ಸಾಧ್ಯವೇ ಆಗುವುದಿಲ್ಲ. ಸ್ಕ್ಯಾನ್ ಮಾಡುವಾಗ ಮನೆಯವರನ್ನು ಹೊರಗೆ ನಿಲ್ಲಿಸಿ.

10. ಬಿಲ್ಲಿನ ಮಾತು ಮೊದಲ ದಿನವೇ ಆಡಿ

ಖಾಸಗಿ ಐಸಿಯುನಲ್ಲಿ ಒಂದು ದಿನ ಎಷ್ಟಾಗುತ್ತದೆ, ಇನ್ನೂ ಎಷ್ಟು ದಿನ ಬೇಕಾಗಬಹುದು, ಎನ್‌ಐಸಿಯು ಸೇರಿದರೆ ಮತ್ತೆಷ್ಟು ಎಂಬುದನ್ನು ಮೊದಲ ಮಾತುಕತೆಯಲ್ಲೇ ಹೇಳಬೇಕು. ಹೊಲ ಅಡವಿಟ್ಟು ಎರಡನೇ ವಾರ ದುಡ್ಡು ತಂದವರು ಮೂರನೇ ವಾರ ಕೂಸು ಬೇಡವೆಂದರೆ ಅದನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಮಿದುಳು ಸಾವು ಘೋಷಣೆಯಾದ ಮೇಲೂ ಬಿಲ್ ಓಡಿಸಿದ ಆಸ್ಪತ್ರೆಗಳ ಕಥೆ ಊರಲ್ಲೆಲ್ಲ ಹಬ್ಬಿದೆ. ಹಾಗಾಗಿ ಯಂತ್ರ ಮುಂದುವರಿಸೋಣ ಎಂದು ಪ್ರಾಮಾಣಿಕವಾಗಿ ಹೇಳುವ ವೈದ್ಯರನ್ನೂ ಜನ ದುಡ್ಡಿಗಾಗಿ ಎಂದೇ ನೋಡುತ್ತಾರೆ. ಜಿಲ್ಲಾ ಆಸ್ಪತ್ರೆ ಅಥವಾ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಸ್ಥಳಾಂತರ ಸಾಧ್ಯವೇ ಎಂದು ನಾವೇ ಮುಂದಾಗಿ ವಿಚಾರಿಸಿದರೆ ಆ ಅನುಮಾನ ಅರ್ಧ ಇಳಿಯುತ್ತದೆ.

11. ಆರೋಗ್ಯವಾಗಿರುವಾಗ ಬರೆದಿಡಿ, ಬಸಿರಿನ ಮಾತನ್ನೂ ಸೇರಿಸಿ

ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಬದುಕಿನ ಉಯಿಲನ್ನು (ಲಿವಿಂಗ್ ವಿಲ್) ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಮಾನ್ಯ ಮಾಡಿತು. ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕೆಂಬ ಕಷ್ಟದ ನಿಯಮವನ್ನು 2023ರ ಜನವರಿಯಲ್ಲಿ ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಚಿಕಿತ್ಸೆ ನಿಲ್ಲಿಸುವ ಮೊದಲು ಆಸ್ಪತ್ರೆಯ ಪ್ರಾಥಮಿಕ ಮಂಡಳಿ ಮತ್ತು ದ್ವಿತೀಯ ಮಂಡಳಿ ಎರಡೂ ಒಪ್ಪಬೇಕು. ಕರ್ನಾಟಕ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರಲು 2025ರ ಜನವರಿ ಕೊನೆಯಲ್ಲಿ ಆದೇಶ ಹೊರಡಿಸಿತು. ದ್ವಿತೀಯ ಮಂಡಳಿಗೆ ಜಿಲ್ಲಾ ಆರೋಗ್ಯಾಧಿಕಾರಿ ಒಬ್ಬ ವೈದ್ಯರನ್ನು ಸೂಚಿಸಬೇಕು.

ಅಮೆರಿಕದ ಹಲವು ರಾಜ್ಯಗಳಲ್ಲಿ ಹೆಂಗಸು ಬಸುರಿಯಾದ ಕೂಡಲೇ ಆಕೆಯ ಉಯಿಲು ಮೂಲೆಗೆ ಸರಿಯುತ್ತದೆ. ನಮ್ಮ ಕೋರ್ಟಿನ ಸೂಚನೆಗಳಲ್ಲಿ ಬಸುರಿಯರಿಗೆಂದು ಬೇರೆ ನಿಯಮ ಬರೆದಿಲ್ಲ. ಅದು ಒಳ್ಳೆಯದೇ, ಆದರೆ ಬರೆಯದೇ ಇದ್ದ ಜಾಗದಲ್ಲಿ ಜಗಳಕ್ಕೆ ಎಡೆ ಇರುತ್ತದೆ. ನನ್ನ ಬಳಿ ಉಯಿಲಿನ ಬಗ್ಗೆ ಕೇಳಲು ಬರುವ ಹೆಣ್ಣುಮಕ್ಕಳಿಗೆ ಎರಡು ಸಾಲು ಹೆಚ್ಚು ಬರೆಯಿರಿ ಎನ್ನುತ್ತೇನೆ: ಆಗ ನಾನು ಬಸುರಿಯಾಗಿದ್ದರೆ, ಮಗು ಬದುಕುವ ಸಾಧ್ಯತೆ ಇದೆಯೆಂದು ವೈದ್ಯರು ಹೇಳಿದರೆ ಇಷ್ಟು ದಿನ ಯಂತ್ರ ನಡೆಸಿ, ಅಥವಾ ಯಾವ ಕಾರಣಕ್ಕೂ ನಡೆಸಬೇಡಿ. ನನ್ನ ಪರವಾಗಿ ಇಂಥವರು ಮಾತಾಡಲಿ. ಆ ‘ಇಂಥವರು’ ಎಂದರೆ ಗಂಡನೇ ಆಗಬೇಕಿಲ್ಲ. ಅಕ್ಕನ ಹೆಸರು ಬರೆಸಿದವರಿದ್ದಾರೆ, ಕಾಲೇಜಿನ ಗೆಳತಿಯ ಹೆಸರು ಬರೆಸಿದವರೂ ಇದ್ದಾರೆ.

12. ಸಾವಿನ ದಿನಾಂಕ

ಇದು ಕಡೆಗಣಿಸಿದ ವಿಷಯ, ಆದರೆ ಮಗುವಿನ ಕಾಗದಪತ್ರಗಳಿಗೆ ಅಂಟಿಕೊಳ್ಳುವ ವಿಷಯ. ಅಂಗದಾನದಲ್ಲಿ ಮಿದುಳು ಸಾವಿನ ಎರಡನೇ ಪರೀಕ್ಷೆಯ ಹೊತ್ತನ್ನೇ ಸಾವಿನ ಹೊತ್ತು ಎಂದು ಬರೆಯುತ್ತೇವೆ. ಅಂಗದಾನ ಇಲ್ಲದಿದ್ದರೆ ಹೃದಯ ನಿಂತ ಹೊತ್ತು ಬರೆಯುವುದು ರೂಢಿ. ನಡುವೆ ಹುಟ್ಟಿದ ಮಗುವಿನ ತಾಯಿ ಒಂದು ಲೆಕ್ಕದಲ್ಲಿ ಹೆರಿಗೆಗೆ ಮೊದಲೇ ಸತ್ತವಳು, ಇನ್ನೊಂದು ಲೆಕ್ಕದಲ್ಲಿ ಹೆರಿಗೆಯ ನಂತರ. ವಿಮೆಯವರು, ಆಸ್ತಿ ಹಂಚಿಕೊಳ್ಳುವವರು, ಪೊಲೀಸರು ತಮಗೆ ಬೇಕಾದ ಲೆಕ್ಕ ಹಿಡಿಯುತ್ತಾರೆ. ಆದ್ದರಿಂದ ಎರಡೂ ಪರೀಕ್ಷೆಗಳ ಹೊತ್ತು, ಮಗು ಹುಟ್ಟಿದ ಹೊತ್ತು, ಹೃದಯ ನಿಂತ ಹೊತ್ತು ಎಲ್ಲವನ್ನೂ ಕೇಸ್ ಶೀಟಿನ ಒಂದೇ ಪುಟದಲ್ಲಿ ಬರೆದು, ಸಮಿತಿಯ ನಾಲ್ವರಿಂದಲೂ ಸಹಿ ಮಾಡಿಸಿ, ನಕಲನ್ನು ಆಕೆ ಹೆಸರಿಸಿದವರಿಗೋ ಎರಡೂ ಕಡೆಯ ಹಿರಿಯರಿಗೋ ಕೊಟ್ಟು, ಮರಣ ಕಾರಣ ಪ್ರಮಾಣಪತ್ರದ ಫಾರ್ಮ್ 4 ಆಮೇಲೆ ತುಂಬಿ.